ಬೆರಳು ಕಚ್ಚಿದ ಕರ್ನಲ್

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಹೋದವರಿಗೆ ಮೊದಲು ಕಾಣುವುದು ಹಸಿರು ಪರದೆಗಳು. ಬಿಸಿಲು ತಾಗದಿರಲೆಂದು ಅರಮನೆಯ ಸುತ್ತ ಇಳಿಬಿಟ್ಟಿರುವ ಆ ಪರದೆಗಳ ಹಿಂದೆ, ಪಶ್ಚಿಮದ ಗೋಡೆಯ ಮೇಲೆ, 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ನಡೆದ ಯುದ್ಧ ಇನ್ನೂ ನಡೆಯುತ್ತಲೇ ಇದೆ. ಕುದುರೆಗಳ ಸಾಲಿನ ಹಿಂದೆ ಸಾಲು. ರುಂಡ ಕಳೆದುಕೊಂಡ ಮುಂಡಗಳು. ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ಅವರ ನಡುವೆ ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. ಅಷ್ಟೆಲ್ಲ ಗದ್ದಲದ ಮಧ್ಯೆ ಪಲ್ಲಕ್ಕಿಯೊಳಗೆ ಒಬ್ಬ ಕೂತಿದ್ದಾನೆ. ಅವನೇ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೇಲಿ. ಅವನ ಬೆರಳು ಬಾಯಲ್ಲಿದೆ.

ಈ ಬೆರಳಿಗೆ ಏನು ಅರ್ಥ? ಮೊದಲ ನೋಟಕ್ಕೆ ಯಾರಾದರೂ ಹೇಳಿಬಿಡುತ್ತಾರೆ: ಪಾಪ, ಹೆದರಿದ್ದಾನೆ. ಸೋಲು ಕಣ್ಣೆದುರಿಗಿದೆ, ಮಗುವಿನಂತೆ ಬೆರಳು ಕಚ್ಚಿಕೊಂಡಿದ್ದಾನೆ. ಆದರೆ ಪರ್ಷಿಯಾದ ಮತ್ತು ಮೊಘಲರ ಕಿರುಚಿತ್ರಗಳನ್ನು ನಾಲ್ಕಾರು ತಿರುವಿ ಹಾಕಿದವರು ಇಷ್ಟು ಬೇಗ ತೀರ್ಪು ಕೊಡುವುದಿಲ್ಲ. ಆ ಚಿತ್ರಪರಂಪರೆಯಲ್ಲಿ ಬಾಯಿಗೆ ಬೆರಳಿಟ್ಟವರು ಹೆದರಿದವರಲ್ಲ, ಬೆರಗಾದವರು. ಕೊಳದಲ್ಲಿ ಮೀಯುತ್ತಿರುವ ಶಿರೀನಳನ್ನು ಮೊದಲ ಬಾರಿ ಕಂಡ ರಾಜಕುಮಾರ ಖುಸ್ರೋ ಕುದುರೆಯ ಮೇಲೆ ಕೂತು ತುಟಿಗೆ ಬೆರಳಿಟ್ಟುಕೊಳ್ಳುತ್ತಾನೆ. ಆ ದೃಶ್ಯವನ್ನು ಚಿತ್ರಕಾರರು ನೂರಾರು ವರ್ಷ ಬರೆದಿದ್ದಾರೆ. ಅಲ್ಲಿ ಭಯದ ಸುಳಿವೇ ಇಲ್ಲ. ನಮ್ಮ ಕಡೆ ಮೂಗಿನ ಮೇಲೆ ಹೋಗುವ ಬೆರಳು ಅವರಲ್ಲಿ ಬಾಯಿಗೆ ಹೋಗುತ್ತದೆ, ಅಷ್ಟೆ.

ಹಾಗೆ ಓದಿದರೆ ಇಡೀ ಗೋಡೆಯ ಮಾತೇ ಬದಲಾಗುತ್ತದೆ. ಹೆದರಿದ ಬೇಲಿ ಕೈಲಾಗದವನು. ಅವನನ್ನು ಗೆದ್ದದ್ದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಬೆರಗಾದ ಬೇಲಿ ಹಾಗಲ್ಲ. ಅವನು ಹೈದರಾಲಿ ಮತ್ತು ಟಿಪ್ಪುವಿನ ಪರಾಕ್ರಮಕ್ಕೆ ಶತ್ರುಪಾಳಯದಿಂದಲೇ ಸಿಕ್ಕ ಸಾಕ್ಷಿ. ತನ್ನ ಗೆಲುವನ್ನು ಗೋಡೆಗೆ ಬರೆಸುವ ದೊರೆಗೆ ಬೇಕಾದವನು ಎರಡನೆಯ ಬೇಲಿಯೇ ಇರಬೇಕು.

ಈ ಬಗೆಯ ಓದಿಗೆ ಒಂದು ಕ್ರಮ ಹಾಕಿಕೊಟ್ಟವನು ಎರ್ವಿನ್ ಪನೋಫ್ಸ್ಕಿ. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಈ ಕಲಾ ಇತಿಹಾಸಕಾರ 1939ರಲ್ಲಿ ಒಂದು ಸರಳ ಉದಾಹರಣೆ ಕೊಟ್ಟ. ಬೀದಿಯಲ್ಲಿ ಪರಿಚಯದವನೊಬ್ಬ ಎದುರಾಗಿ ಟೋಪಿ ಎತ್ತುತ್ತಾನೆ. ಕಣ್ಣಿಗೆ ಕಾಣುವುದು ಒಂದು ಆಕಾರದ ಚಲನೆ ಮಾತ್ರ. ಅದು ನಮಸ್ಕಾರ ಎಂದು ತಿಳಿಯಲು ಆ ಊರಿನ ರೂಢಿ ಗೊತ್ತಿರಬೇಕು. ಅವನು ಎಂಥ ಮನುಷ್ಯ, ಯಾವ ಕಾಲದ ಯಾವ ವರ್ಗದವನು ಎಂದು ಆ ಒಂದೇ ಚಲನೆಯಿಂದ ಊಹಿಸಲು ಇನ್ನೂ ಬಹಳ ತಿಳಿದಿರಬೇಕು. ಚಿತ್ರವನ್ನೂ ಹೀಗೆ ಮೂರು ಮೆಟ್ಟಿಲು ಇಳಿದು ನೋಡಬೇಕು ಎಂದ ಪನೋಫ್ಸ್ಕಿ. ಬಾಯಲ್ಲಿ ಬೆರಳಿಟ್ಟ ಮನುಷ್ಯ ಮೊದಲ ಮೆಟ್ಟಿಲು. ಅದು ಬೆರಗಿನ ಗುರುತು ಎನ್ನುವುದು ಎರಡನೆಯದು. ಬೆರಗಾದ ಶತ್ರುವನ್ನು ಗೋಡೆಗೆ ಬರೆಸಬೇಕೆಂದು ಒಬ್ಬ ದೊರೆಗೆ ಯಾಕೆ ಅನ್ನಿಸಿತು ಎನ್ನುವುದು ಮೂರನೆಯದು.

ಮೂರನೆಯ ಮೆಟ್ಟಿಲಿಗೆ ಬಂದಾಗ ಕಲಾ ಇತಿಹಾಸಕಾರ ಒಬ್ಬನೇ ಸಾಲುವುದಿಲ್ಲ. ಅಲ್ಲಿಂದ ಮುಂದೆ ಉಳಿದ ಶಾಸ್ತ್ರಗಳವರು ಒಬ್ಬೊಬ್ಬರಾಗಿ ಬಂದು ಗೋಡೆಯ ಮುಂದೆ ನಿಲ್ಲುತ್ತಾರೆ. ಬಂದವರು ಸುಮ್ಮನಿರುವುದಿಲ್ಲ, ಜಗಳ ಆಡುತ್ತಾರೆ. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ವಿಶ್ವವಿದ್ಯಾಲಯಗಳಲ್ಲಿ ‘ದೃಶ್ಯ ಸಂಸ್ಕೃತಿ ಅಧ್ಯಯನ’ ಎಂಬ ಹೊಸ ಬೋರ್ಡು ಹಾಕಿ ಈ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಪ್ರಯತ್ನ ನಡೆದಿದೆ. ಬೋರ್ಡಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಒಂದೇ ಗೋಡೆಯ ಮುಂದೆ ನಿಂತು ಬೇರೆ ಬೇರೆ ಪ್ರಶ್ನೆ ಕೇಳುವವರ ಜಗಳದಲ್ಲಿ ನಂಬಿಕೆಯಿದೆ.

ಇತಿಹಾಸಕಾರ ಮೊದಲು ಇಸವಿ ಕೇಳುತ್ತಾನೆ. ಯುದ್ಧ ನಡೆದದ್ದು 1780ರಲ್ಲಿ. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ. ಅದಕ್ಕೆ ಸ್ವಲ್ಪ ಮೊದಲು, ಅದೇ ವರ್ಷದ ನವೆಂಬರಿನಲ್ಲಿ, ಬೇಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಟಿಪ್ಪು ದರಿಯಾ ದೌಲತ್ ಕಟ್ಟಿಸಿದ್ದು 1784ರಲ್ಲಿ. ಕಂಪನಿಯವರು ಟಿಪ್ಪುವಿನ ಬಳಿಗೆ ಬಂದು ಮಂಗಳೂರು ಒಪ್ಪಂದಕ್ಕೆ ರುಜು ಹಾಕಿದ ವರ್ಷವೂ ಅದೇ. ಎಂದರೆ ಈ ಗೋಡೆ ಯುದ್ಧದ ವರದಿಯಲ್ಲ. ಪಟ್ಟಕ್ಕೆ ಬಂದು ಹೆಚ್ಚು ಕಾಲವಾಗದ ಮಗ, ಸತ್ತ ತಂದೆಯ ಜೊತೆ ತಾನೂ ಗೆದ್ದೆ ಎಂದು ಸಾರುವ ಶಾಸನ. ಅಪ್ಪ ಮಗ ಇಬ್ಬರ ಮೆರವಣಿಗೆಯೂ ಅದೇ ಗೋಡೆಯಲ್ಲಿರುವುದು ಸುಮ್ಮನೆ ಅಲ್ಲ. ಮೈಸೂರಿನ ಸಿಂಹಾಸನದ ಹಕ್ಕುದಾರರಾಗಿ ಒಡೆಯರ್ ಮನೆತನ ಇನ್ನೂ ಇದ್ದ ಕಾಲ ಅದು. ಟಿಪ್ಪು ತನ್ನ ಅಧಿಕಾರಕ್ಕೆ ಯುದ್ಧಭೂಮಿಯಿಂದಲೇ ಪತ್ರ ತರಬೇಕಿತ್ತು.

ಗೋಡೆಯ ಮೇಲಿನ ಟಿಪ್ಪುವಿಗೆ ಯುದ್ಧದ ಬಿಸಿಯೇ ತಟ್ಟಿಲ್ಲ. ಹೂವೊಂದನ್ನು ಹಿಡಿದು ಮೂಸುತ್ತಿದ್ದಾನೆ. ತೋಟ ನೋಡಲು ಹೊರಟವನ ನೆಮ್ಮದಿ ಅದು. ಯುದ್ಧದ ನಡುವೆ ಯಾರಾದರೂ ಹೂ ಮೂಸುತ್ತಾರೆಯೇ ಎಂದು ಕೇಳಬಾರದು. ದೊರೆಯ ಕೈಗೆ ಹೂ ಕೊಡುವುದು ಮೊಘಲ್ ಭಾವಚಿತ್ರಗಳ ಹಳೆಯ ರೂಢಿ. ಅವನು ಅವಸರಪಡುವವನಲ್ಲ ಎಂದು ಹೇಳಲು ಅದಕ್ಕಿಂತ ಚುಟುಕಾದ ದಾರಿ ಚಿತ್ರಕಾರನಿಗೆ ಇರಲಿಲ್ಲ.

ಇನ್ನು ಮುಖಗಳ ಕಡೆ ಬನ್ನಿ. ಮೈಸೂರಿನ ಸೈನಿಕರಿಗೆ ಮೀಸೆ ಇದೆ, ಹಲವರಿಗೆ ಗಡ್ಡವೂ ಇದೆ. ಕೆಂಪು ಕೋಟಿನ ಬ್ರಿಟಿಷರ ಮುಖ ಮಾತ್ರ ಬೋಳು, ನುಣುಪು. ಬ್ರಿಟಿಷ್ ಇತಿಹಾಸಕಾರ್ತಿ ಲಿಂಡಾ ಕಾಲೀ 2002ರಲ್ಲಿ ಸಾಮ್ರಾಜ್ಯದ ಸೆರೆಯಾಳುಗಳ ಬಗ್ಗೆ ಪುಸ್ತಕ ಬರೆದಾಗ ಈ ಮುಖಗಳನ್ನು ಹಿಡಿದುಕೊಂಡರು. ದೊಡ್ಡ ಕಣ್ಣು, ಬಣ್ಣದ ತುಟಿಗಳ ಈ ಸೈನಿಕರನ್ನು ಗಂಡಸರೆಂದು ಲೆಕ್ಕಕ್ಕೆ ಇಡದಂತೆ ಬರೆಯಲಾಗಿದೆ, ಸೋಲಿಸುವುದರ ಜೊತೆಗೆ ಗಂಡಸುತನವನ್ನೂ ಕಸಿದುಕೊಳ್ಳಲಾಗಿದೆ ಎಂಬ ಧಾಟಿಯ ಓದು ಅವರದು. ಇಂಗ್ಲಿಷರೇ ಭಾರತೀಯರನ್ನು ಹೆಣ್ಣಿಗರೆಂದು ಹಂಗಿಸುತ್ತಿದ್ದರು ಎಂಬುದನ್ನು ನೆನೆದರೆ ಈ ಓದಿಗೆ ಇನ್ನಷ್ಟು ಖಾರ ಬರುತ್ತದೆ.

ಆದರೆ ಉಡುಗೆ ತೊಡುಗೆಯ ಚರಿತ್ರೆ ಬಲ್ಲವರು ಇಲ್ಲಿ ಕೈ ಎತ್ತುತ್ತಾರೆ. ಹದಿನೆಂಟನೇ ಶತಮಾನದ ಬ್ರಿಟಿಷ್ ಸಿಪಾಯಿ ನಿಜವಾಗಿಯೂ ನುಣ್ಣಗೆ ಕ್ಷೌರ ಮಾಡಿಕೊಳ್ಳುತ್ತಿದ್ದ. ಚಿತ್ರಕಾರ ಕಂಡದ್ದನ್ನು ಕಂಡಂತೆ ಬರೆದಿದ್ದರೆ ಅದರಲ್ಲಿ ಅವಮಾನ ಎಲ್ಲಿಂದ ಬಂತು? ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವೂ ಇದೆ: ಕ್ಷೌರದಿಂದ ಮೀಸೆ ಹೋಗುತ್ತದೆಯೇ ಹೊರತು ತುಟಿಗೆ ಬಣ್ಣ ಬರುವುದಿಲ್ಲ. ಈ ವಾದದಲ್ಲಿ ನಾನು ಅರ್ಧ ದಾರಿ ಕಾಲೀ ಅವರ ಜೊತೆ ಹೋಗುತ್ತೇನೆ, ಆಮೇಲೆ ನಿಲ್ಲುತ್ತೇನೆ. ಆ ತುಟಿಗೆ ಬಣ್ಣ ಹಚ್ಚಿದ್ದು ಯಾವ ವರ್ಷದ ಯಾರ ಕೈ ಎಂಬ ತೊಡಕು ಅಡ್ಡ ಬರುತ್ತದೆ. ಆ ಮಾತಿಗೆ ಆಮೇಲೆ ಬರೋಣ. ಅದಕ್ಕೆ ಮೊದಲು ಸೋತವರ ಕಡೆಯ ಒಂದು ಚಿತ್ರ ನೋಡೋಣ.

ಪೊಳ್ಳಿಲೂರಿನಲ್ಲಿ ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಒಬ್ಬನಿದ್ದ. ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರೂವರೆ ವರ್ಷ ಕಳೆದು 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳಾಗಿ ಅದೇ ಊರಿಗೆ ಮತ್ತೆ ಬಂದ. ಬೇರ್ಡ್ ಸತ್ತ ಮೇಲೆ ಅವನ ಹೆಂಡತಿ ಸ್ಕಾಟ್ಲೆಂಡಿನ ಹೆಸರಾಂತ ಚಿತ್ರಕಾರ ಡೇವಿಡ್ ವಿಲ್ಕಿಯಿಂದ ಒಂದು ದೊಡ್ಡ ತೈಲಚಿತ್ರ ಬರೆಸಿದಳು. 1839ರಲ್ಲಿ ಮುಗಿದ ಆ ಚಿತ್ರ ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಹತ್ತಡಿಗೂ ಮಿಕ್ಕಿದ ಎತ್ತರ. ರಾತ್ರಿಯ ಕತ್ತಲು, ದೀಪದ ಬೆಳಕು, ಕೆಳಗೆ ಟಿಪ್ಪುವಿನ ಶವ, ಮೇಲೆ ನೆಟ್ಟಗೆ ನಿಂತ ಬೇರ್ಡ್. ಅವನ ಕಾಲ ಬುಡದಲ್ಲಿ ಒಂದು ಕಂಬಿಯ ಜಾಲರಿ. ಗಮನಿಸದೆ ದಾಟಿಹೋಗಬಹುದಾದ ಆ ಜಾಲರಿ ನೆಲಮಾಳಿಗೆಯ ಸೆರೆಮನೆಯದು. ಯಾವ ಕತ್ತಲಕೋಣೆಯಲ್ಲಿ ಕೊಳೆತನೋ ಅದರ ನೆತ್ತಿಯ ಮೇಲೆ ಅವನನ್ನು ನಿಲ್ಲಿಸಿದ್ದಾನೆ ವಿಲ್ಕಿ. ಪೊಳ್ಳಿಲೂರಿನ ಸೋಲಿಗೆ ಹತ್ತೊಂಬತ್ತು ವರ್ಷದ ಮೇಲೆ ಸಿಕ್ಕ ಸೇಡು ಆ ಒಂದು ಕಬ್ಬಿಣದ ತುಂಡಿನಲ್ಲಿದೆ. ವಿಲ್ಕಿ ಭಾರತಕ್ಕೆ ಕಾಲಿಟ್ಟವನೇ ಅಲ್ಲ.

ಇತಿಹಾಸಕಾರ್ತಿ ಜಾನಕಿ ನಾಯರ್ 2006ರಲ್ಲಿ ಬರೆದ ಪ್ರಬಂಧವೊಂದರಲ್ಲಿ ದರಿಯಾ ದೌಲತ್‌ನ ಗೋಡೆಯನ್ನೂ ಬ್ರಿಟಿಷರು ಬರೆದ ಟಿಪ್ಪು ಚಿತ್ರಗಳನ್ನೂ ಎದುರುಬದುರು ಇಟ್ಟು ನೋಡಿದ್ದಾರೆ. ಅವರ ದೃಷ್ಟಿಯಲ್ಲಿ ಇದು ಎರಡು ಸೈನ್ಯಗಳ ಜೊತೆಗೆ ಎರಡು ನೋಟಕ್ರಮಗಳ ಯುದ್ಧವೂ ಹೌದು. ಯುರೋಪಿನ ತೈಲಚಿತ್ರದಲ್ಲಿ ನೋಡುವವನಿಗೆ ಒಂದು ಜಾಗ ಗೊತ್ತುಮಾಡಿರುತ್ತಾರೆ. ಅಲ್ಲಿ ನಿಂತರೆ ಗೆರೆಗಳೆಲ್ಲ ಒಂದು ಬಿಂದುವಿಗೆ ಹೋಗಿ ಸೇರುತ್ತವೆ, ಬೆಳಕೆಲ್ಲ ನಾಯಕನ ಮೇಲೆ ಬೀಳುತ್ತದೆ. ನಡೆದುಹೋದ ಒಂದು ಗಳಿಗೆಯನ್ನು ಅದು ಹಿಡಿದು ನಿಲ್ಲಿಸುತ್ತದೆ. ಶ್ರೀರಂಗಪಟ್ಟಣದ ಗೋಡೆಗೆ ಅಂಥ ಬಿಂದುವಿಲ್ಲ. ದೂರದವರು ಚಿಕ್ಕವರಾಗುವುದಿಲ್ಲ, ಮೇಲಕ್ಕೆ ಹೋಗುತ್ತಾರೆ. ಒಂದೇ ಹೊತ್ತಿನಲ್ಲಿ ಎಲ್ಲವೂ ನಡೆಯುತ್ತದೆ. ಇತ್ತ ಬಂಡಿ ಸಿಡಿಯುತ್ತಿದ್ದರೆ ಅತ್ತ ಮೈಸೂರಿನ ಕಡೆಯ ಫ್ರೆಂಚ್ ಸೇನಾಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿರುತ್ತಾನೆ. ನೋಡುವವರು ಜಗಲಿಯ ಉದ್ದಕ್ಕೂ ನಡೆಯಬೇಕು, ಬಗ್ಗಬೇಕು, ಹಿಂದೆ ಸರಿಯಬೇಕು. ಬಯಲಾಟದ ರಂಗದಲ್ಲಿ ನಾಲ್ಕು ಊರು ಮೂರು ಕಾಲ ಒಟ್ಟಿಗೆ ಇರುವುದನ್ನು ಒಪ್ಪಿಕೊಂಡವರಿಗೆ ಇದು ಹೊಸದಲ್ಲ. ಪರ್ಸ್‌ಪೆಕ್ಟಿವ್ ಗೊತ್ತಿಲ್ಲದ ಕೈ ಎಂದು ಹಳೆಯ ಇಂಗ್ಲಿಷ್ ಪ್ರವಾಸಿಗಳು ಮೂಗು ಮುರಿದದ್ದರ ಹಿಂದೆ ಇದ್ದದ್ದು ಅವರ ಅಭ್ಯಾಸ, ಚಿತ್ರದ ದೋಷವಲ್ಲ.

ಅಭ್ಯಾಸ ಎಂದೆ. ಕಣ್ಣಿನ ಅಭ್ಯಾಸವನ್ನು ಅಳೆದು ನೋಡಿದವರೂ ಇದ್ದಾರೆ. 1960ರ ದಶಕದಲ್ಲಿ ರಷ್ಯಾದ ಮನಃಶಾಸ್ತ್ರಜ್ಞ ಆಲ್‌ಫ್ರೆಡ್ ಯಾರ್ಬುಸ್ ಇಲ್ಯಾ ರೆಪಿನ್ ಬರೆದ ಒಂದು ಚಿತ್ರವನ್ನು ತೆಗೆದುಕೊಂಡ. ಗಡಿಪಾರಾಗಿದ್ದವನೊಬ್ಬ ಹೇಳದೆ ಕೇಳದೆ ಮನೆಗೆ ಮರಳಿದ ಗಳಿಗೆ ಅದು. ನೋಡುವವನ ಕಣ್ಣಿಗೆ ಸಣ್ಣ ಸಾಧನ ಅಂಟಿಸಿ ದೃಷ್ಟಿ ಎಲ್ಲೆಲ್ಲಿ ಓಡಿತು ಎಂದು ದಾಖಲಿಸಿದ. ಸುಮ್ಮನೆ ನೋಡು ಎಂದಾಗ ಒಂದು ದಾರಿ. ಇವರ ವಯಸ್ಸು ಎಷ್ಟಿರಬಹುದು ಎಂದು ಕೇಳಿದಾಗ ಕಣ್ಣು ಮುಖದಿಂದ ಮುಖಕ್ಕೆ ಹಾರಿತು. ಈ ಮನೆಯವರ ಸ್ಥಿತಿಗತಿ ಹೇಗಿದೆ ಎಂದಾಗ ಬಟ್ಟೆಬರೆ, ಪೀಠೋಪಕರಣಗಳ ಮೇಲೆ ಸುತ್ತಿತು. ನೋಡುವವನು ಅವನೇ, ಚಿತ್ರವೂ ಅದೇ, ಬದಲಾದದ್ದು ಪ್ರಶ್ನೆ ಮಾತ್ರ. ಯಾರ್ಬುಸ್‌ನ ಕಾಗದದ ಮೇಲಿನ ಆ ಗೀಟುಗಳನ್ನು ನೋಡಿದ ಮೇಲೆ, ಚಿತ್ರ ನೋಡಲು ಕಲಿಯಬೇಕಾದದ್ದೇನಿದೆ, ಕಣ್ಣಿದ್ದರೆ ಸಾಕಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿ ಚಿತ್ರಗಳು ಪುಟ ತುಂಬಲು ಬರುತ್ತವೆಯೇ ಹೊರತು ಅವುಗಳ ಬಗ್ಗೆ ಪ್ರಶ್ನೆ ಬರುವುದು ಅಪರೂಪ. ಪದ್ಯದ ಸಾರಾಂಶ ಬರೆದ ಮಗು ಚಿತ್ರದ ಸಾರಾಂಶ ಬರೆಯದೆಯೇ ಎಸ್ಸೆಸ್ಸೆಲ್ಸಿ ದಾಟುತ್ತದೆ.

ರಾಕೆಟ್ ಎಂಜಿನಿಯರನ ಕಣ್ಣು ಎಲ್ಲಿಗೆ ಹೋಗುತ್ತದೆ? 1963ರಲ್ಲಿ ತರಬೇತಿಗೆಂದು ಅಮೆರಿಕಕ್ಕೆ ಹೋಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ, ನಾಸಾದ ವಾಲಪ್ಸ್ ಕೇಂದ್ರದ ಸ್ವಾಗತ ಕೋಣೆಯಲ್ಲಿ ಒಂದು ಯುದ್ಧದ ಚಿತ್ರ ಕಂಡದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಹಿನ್ನೆಲೆಯಲ್ಲಿ ರಾಕೆಟ್‌ಗಳು ಹಾರುತ್ತಿದ್ದವು. ರಾಕೆಟ್ ಕೇಂದ್ರದಲ್ಲಿ ಅದೇನೂ ವಿಶೇಷವಲ್ಲ. ರಾಕೆಟ್ ಹಾರಿಸುವ ಕಡೆಯ ಸೈನಿಕರ ಮೈಬಣ್ಣ ಬಿಳಿಯಲ್ಲ ಎನ್ನುವುದು ಅವರನ್ನು ಹತ್ತಿರ ಎಳೆಯಿತು. ಹೋಗಿ ನೋಡಿದರೆ ಅದು ಬ್ರಿಟಿಷರ ಮೇಲೆ ಬಿದ್ದ ಟಿಪ್ಪುವಿನ ಸೈನ್ಯ. ದಿನವೂ ಆ ಕೋಣೆ ಹಾದುಹೋಗುತ್ತಿದ್ದ ಎಷ್ಟು ಜನಕ್ಕೆ ಅದು ಬರೀ ಅಲಂಕಾರವಾಗಿತ್ತೋ, ರಾಮೇಶ್ವರದಿಂದ ಹೋದ ಎಂಜಿನಿಯರನಿಗೆ ಅದು ತನ್ನ ಕಸುಬಿನ ವಂಶವೃಕ್ಷವಾಯಿತು. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್‌ಗಳು ಇಂಗ್ಲೆಂಡಿಗೆ ಹೋದದ್ದು, ಅದರಿಂದ ಕಲಿತು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು ತಂತ್ರಜ್ಞಾನದ ಚರಿತ್ರೆಯಲ್ಲಿ ಗಟ್ಟಿಯಾಗಿ ದಾಖಲಾದ ಸಂಗತಿ.

ಹಾಗಿದ್ದರೆ ಪೊಳ್ಳಿಲೂರಿನಲ್ಲಿ ಬೇಲಿಯ ಮದ್ದಿನ ಬಂಡಿ ಸಿಡಿದದ್ದು ಮೈಸೂರಿನ ರಾಕೆಟ್ಟಿನಿಂದಲೋ ಫಿರಂಗಿಯ ಗುಂಡಿನಿಂದಲೋ? ಸೇನಾ ಚರಿತ್ರೆಕಾರರಲ್ಲಿ ಎರಡೂ ಮಾತುಗಳಿವೆ. ಗೋಡೆಯನ್ನೇ ಕೇಳಿ ಬಗೆಹರಿಸಿಕೊಳ್ಳೋಣ ಎನ್ನುವವರಿಗೆ ನನ್ನ ಸಲಹೆ: ಬೇಡ. ಯುದ್ಧ ನಡೆದು ವರ್ಷಗಳಾದ ಮೇಲೆ, ಗೆದ್ದವನ ಹಣದಲ್ಲಿ, ಗೆದ್ದವನ ಮನೆಯಲ್ಲಿ ಬರೆದ ಚಿತ್ರ ಇದು. ಯಾರು ಯಾವ ಕಡೆಯಿಂದ ಬೆಂಕಿ ಹಚ್ಚಿದರು ಎನ್ನುವುದಕ್ಕೆ ಇದನ್ನು ಸಾಕ್ಷಿ ಮಾಡಿದರೆ ಯಾವ ಕೋರ್ಟೂ ಒಪ್ಪುವುದಿಲ್ಲ. ಆ ಗೆಲುವು ಹೇಗೆ ನೆನಪಿರಬೇಕೆಂದು ಅರಮನೆ ಬಯಸಿತು ಎಂಬ ಪ್ರಶ್ನೆಗಾದರೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಇಂದಿನ ಟಿಪ್ಪು ವಿವಾದಗಳಲ್ಲಿ ಎರಡೂ ಬಣದವರು ಚಿತ್ರಗಳನ್ನು ಪುರಾವೆಯೆಂದು ಎತ್ತಿ ಎತ್ತಿ ಒಗೆಯುವಾಗ ಈ ಎರಡು ಪ್ರಶ್ನೆಗಳ ನಡುವಿನ ಗೆರೆ ಅಳಿಸಿಯೇ ಹೋಗಿರುತ್ತದೆ.

ಈಗ ಬಾಕಿ ಇಟ್ಟಿದ್ದ ತೊಡಕು. ನಾವು ಇವತ್ತು ನೋಡುವ ಗೋಡೆ 1784ರದಲ್ಲ.

ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ಈ ಚಿತ್ರಗಳ ಪಾಡನ್ನು ಚುಟುಕಾಗಿ ಬರೆದಿದ್ದಾನೆ. ಬ್ರಿಟಿಷರ ಮುತ್ತಿಗೆಗೆ ಮುಂಚೆಯೇ ಅವುಗಳನ್ನು ಅಳಿಸಿ ಕೆಡಿಸಲಾಗಿತ್ತು. 1799ರ ನಂತರ ದರಿಯಾ ದೌಲತ್‌ನಲ್ಲಿ ವಾಸಕ್ಕೆ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ ಈ ವೆಲ್ಲೆಸ್ಲಿ. ಮತ್ತೆ ಬಣ್ಣ ಮಾಸಿತು. 1855ರಲ್ಲಿ ಇತ್ತ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲಚಿತ್ರ ನೆನಪಿದ್ದ ಸ್ಥಳೀಯ ಚಿತ್ರಕಾರನೊಬ್ಬನ ಕೈಯಲ್ಲಿ ಪುನಃ ಬರೆಸಲು ಅಪ್ಪಣೆ ಮಾಡಿದ.

ಈ ಮೂರು ನಾಲ್ಕು ವಾಕ್ಯಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ತಮ್ಮವರ ರುಂಡ ಚೆಂಡಾಡಿದ ಚಿತ್ರವನ್ನು ಇಂಗ್ಲಿಷ್ ಅಧಿಕಾರಿಗಳು ಎರಡು ಸಲ ಕಾಸು ಕೊಟ್ಟು ಉಳಿಸಿಕೊಂಡಿದ್ದಾರೆ! ಟಿಪ್ಪು ಬದುಕಿದ್ದಾಗ ಇದು ಅವರಿಗೆ ಅವಮಾನ. ಅವನು ಸತ್ತ ಮೇಲೆ ಅವರದೇ ಗೆಲುವಿನ ಬೆಲೆ ಹೆಚ್ಚಿಸುವ ಆಸ್ತಿ. ಎಂಥ ಹುಲಿಯನ್ನು ಹೊಡೆದೆವು ನೋಡಿ ಎನ್ನಲು ಹುಲಿಯ ಹಲ್ಲು ಉಳಿಸಿಕೊಂಡ ಹಾಗೆ. ಒಂದು ಗೆರೆಯೂ ಬದಲಾಗದಿದ್ದರೂ ಅರ್ಥ ತಲೆಕೆಳಗಾಯಿತು. ಇದೇ ಯುದ್ಧದ ದೃಶ್ಯವನ್ನು ಕಾಗದದ ಮೇಲೆ ಬರೆದ ಸುಮಾರು 32 ಅಡಿ ಉದ್ದದ ಪ್ರತಿಯೊಂದನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಂಪನಿ ಸೇನೆಯ ಅಧಿಕಾರಿಯೊಬ್ಬ ಇಂಗ್ಲೆಂಡಿಗೆ ಒಯ್ದಿದ್ದ. 2022ರ ಮಾರ್ಚಿನಲ್ಲಿ ಲಂಡನ್ನಿನ ಸದಬಿಸ್ ಹರಾಜಿನಲ್ಲಿ ಅದು 6,30,000 ಪೌಂಡಿಗೆ ಹೋಯಿತು.

ಇನ್ನೊಂದು ಲೆಕ್ಕವಿದೆ. 1784ರ ಚಿತ್ರವನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವನಿಗೆ 1855ರಲ್ಲಿ ಎಂಬತ್ತರ ಆಸುಪಾಸಾದರೂ ಆಗಿರಬೇಕು. ಆ ವಯಸ್ಸಿನಲ್ಲಿ ಕುಂಚ ಹಿಡಿದು ಗೋಡೆಯ ತುಂಬ ಕುದುರೆ ಬರೆಯುವುದು ಅಸಾಧ್ಯವಲ್ಲದಿದ್ದರೂ ಕಷ್ಟ. ಆ ಚಿತ್ರಕಾರನಿಗೆ ನೆನಪಿದ್ದ ‘ಮೂಲ’ ವೆಲ್ಲೆಸ್ಲಿಯ ಕಾಲದಲ್ಲಿ ತಿದ್ದಿಸಿದ ಗೋಡೆಯೇ ಆಗಿರುವ ಸಂಭವ ಹೆಚ್ಚು. ಕಾಲೀ ಕಂಡ ಬಣ್ಣದ ತುಟಿಗಳು ಟಿಪ್ಪುವಿನ ಆಸ್ಥಾನದ ಕುಚೋದ್ಯವೋ, ನೆನಪಿನಿಂದ ಬರೆದವನ ಕೈಚಳಕವೋ ಎಂದು ಬರಿಗಣ್ಣಿನಿಂದ ಹೇಳಲಾಗದು. ಬೇಲಿಯ ಬೆರಳಿಗೂ ಇದೇ ಮಾತು.

ಇಲ್ಲಿಂದ ಮುಂದೆ ರಸಾಯನಶಾಸ್ತ್ರದ ಕೆಲಸ. ಬಣ್ಣಗಳಿಗೂ ಹುಟ್ಟಿದ ದಿನವಿರುತ್ತದೆ. ತಾಮ್ರ ಮತ್ತು ಆರ್ಸೆನಿಕ್ ಸೇರಿದ ಎಮರಾಲ್ಡ್ ಹಸಿರು ಬಳಕೆಗೆ ಬಂದದ್ದು 1814ರ ಸುಮಾರಿಗೆ. ಕೃತಕ ಅಲ್ಟ್ರಾಮರೀನ್ ನೀಲಿ 1820ರ ದಶಕದ ಕೊನೆಯದು. ಟೈಟೇನಿಯಂ ಬಿಳಿ ಇಪ್ಪತ್ತನೇ ಶತಮಾನದ್ದು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಎಕ್ಸ್-ರೇ ಯಂತ್ರವನ್ನು ಚಿತ್ರಕ್ಕೆ ಹತ್ತಿರ ಹಿಡಿದರೆ, ಬಣ್ಣದಲ್ಲಿರುವ ಮೂಲವಸ್ತುಗಳು ತಮ್ಮ ತಮ್ಮ ಗುರುತಿನ ಕಿರಣ ಹೊರಸೂಸುತ್ತವೆ. ಗೋಡೆಯಿಂದ ಒಂದು ಚೂರೂ ಕೆರೆಯಬೇಕಿಲ್ಲ. ಸಿಪಾಯಿಯೊಬ್ಬನ ಪಕ್ಕದ ಗಿಡದಲ್ಲಿ ಆರ್ಸೆನಿಕ್ ಮತ್ತು ತಾಮ್ರ ಒಟ್ಟಿಗೆ ಸಿಕ್ಕರೆ ಆ ಗಿಡ ಟಿಪ್ಪುವಿನ ಕಾಲದ್ದಲ್ಲ ಎಂಬ ಸಂಶಯಕ್ಕೆ ಬಲ ಬರುತ್ತದೆ. ಅತಿಗೆಂಪು ಕ್ಯಾಮೆರಾ ಇನ್ನೊಂದು ಬಗೆ. ಮೇಲ್ಬಣ್ಣವನ್ನು ದಾಟಿ ಒಳಗಿನ ಇದ್ದಿಲಿನ ಗೆರೆಯನ್ನು ಅದು ಹಿಡಿದು ತೋರಿಸಬಲ್ಲದು. ಓರೆಯಾಗಿ ಬೆಳಕು ಬಿಟ್ಟರೆ ಗಾರೆಯ ಉಬ್ಬುತಗ್ಗು, ತೇಪೆ ಹಾಕಿದ ಅಂಚು ಕಾಣುತ್ತದೆ. ಇದಕ್ಕಂತೂ ಟಾರ್ಚು ಸಾಕು.

ಒಳಗೆ ಹಳೆಯ ಬೇಲಿಯೊಬ್ಬ ಸಿಕ್ಕನೆಂದೇ ಇಟ್ಟುಕೊಳ್ಳೋಣ. ಅವನ ಬೆರಳು ಬಾಯಲ್ಲಿಲ್ಲ, ಬೇರೆಲ್ಲೋ ಇದೆ. ಆಗ 1855ರ ಬಣ್ಣವನ್ನು ಕೆರೆದು 1784ರದನ್ನು ಹೊರತೆಗೆಯಬೇಕೆ? ಸ್ಮಾರಕಗಳ ಸಂರಕ್ಷಣೆಗೆ ಜಗತ್ತು ಒಪ್ಪಿಕೊಂಡಿರುವ 1964ರ ವೆನಿಸ್ ಸನ್ನದು, ಎಲ್ಲ ಕಾಲದವರ ಕೈಕೆಲಸಕ್ಕೂ ಮರ್ಯಾದೆ ಸಲ್ಲಬೇಕು, ಮೇಲಿನದನ್ನು ತೆಗೆದು ಕೆಳಗಿನದನ್ನು ತೋರಿಸುವುದು ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ಎನ್ನುತ್ತದೆ. ಮೇಲಿನದಕ್ಕೆ ಹೆಚ್ಚಿನ ಬೆಲೆಯಿಲ್ಲ, ಕೆಳಗಿನದು ಬಹಳ ಮುಖ್ಯ, ಗಟ್ಟಿಯಾಗಿಯೂ ಇದೆ ಎಂದು ಖಚಿತವಾಗಬೇಕು. ಆ ತೀರ್ಮಾನವನ್ನು ಕೆಲಸ ಮಾಡುವವನೊಬ್ಬನೇ ತೆಗೆದುಕೊಳ್ಳುವಂತಿಲ್ಲ ಎಂದೂ ಅದೇ ಸನ್ನದು ಹೇಳುತ್ತದೆ. ಟಿಪ್ಪುವಿನ ರಾಜಕೀಯ ಓದುವ ಇತಿಹಾಸಕಾರರಿಗೆ ಕೆಳಗಿನ ಪದರವೇ ಬೇಕು. ಗೆದ್ದವರು ಸೋತವನ ನೆನಪನ್ನು ಹೇಗೆ ಬಳಸಿಕೊಂಡರು ಎಂದು ಓದುವವರಿಗೆ ಮೇಲಿನದು ಬೇಕೇ ಬೇಕು. ಹತ್ತೊಂಬತ್ತನೇ ಶತಮಾನದ ಮೈಸೂರು ಶೈಲಿಯ ಅಧ್ಯಯನ ಮಾಡುವವರು ಆ ಹೆಸರಿಲ್ಲದ ಚಿತ್ರಕಾರನ ಪರವಾಗಿ ನಿಲ್ಲುತ್ತಾರೆ. ರಸಾಯನಶಾಸ್ತ್ರಜ್ಞ ಎರಡು ಪದರಗಳ ನಡುವಿನ ಅಂಟು ಎಷ್ಟು ಸಡಿಲವಿದೆ ಎಂದು ಹೇಳಬಲ್ಲ, ಯಾವುದನ್ನು ಉಳಿಸಬೇಕೆಂದು ಹೇಳಲಾರ. ನನ್ನನ್ನು ಕೇಳಿದರೆ 1855ರ ಬಣ್ಣದ ಮೇಲೆ ಕೈ ಇಡಬೇಡಿ, ಕೆಳಗಿನದನ್ನು ಕ್ಯಾಮೆರಾದಲ್ಲಿ ಹಿಡಿದು ಪಕ್ಕದಲ್ಲಿ ತೂಗುಹಾಕಿ ಎನ್ನುತ್ತೇನೆ. ಅದಕ್ಕೂ ಆ ಗೋಡೆಯ ಮುಂದೆ ನಿಂತ ಯಾರಾದರೊಬ್ಬರು ತಕರಾರು ತೆಗೆಯದೆ ಇರುವುದಿಲ್ಲ.